ಅತ್ತೆ ನೋಡಿದ ಶನಿ

ಅದು ಐವತ್ನಾಲ್ಕರ ಬೇಸಿಗೆಯೋ ಐವತ್ತೈದರದೋ ಎಂದು ಕೇಳಿದರೆ ಆಣೆ ಮಾಡಿ ಹೇಳಲಾರೆ. ದಿನಚರಿ ಬರೆಯುವ ಚಟವಿದ್ದರೂ ಆ ವಾರದ ಪುಟಗಳಲ್ಲಿ ಸೆಕೆ, ತಲೆನೋವು ಮತ್ತು ಮಾವಿನ ಉಪ್ಪಿನಕಾಯಿಯ ವಿಚಾರ ಬಿಟ್ಟರೆ ಬೇರೇನೂ ಇಲ್ಲ. ನನ್ನ ಬದುಕಿನ ದಿಕ್ಕು ಬದಲಾದ ಸಂಜೆಗೆ ಒಂದು ಸಾಲೂ ಸಿಕ್ಕಿಲ್ಲ. ಹೀಗಾಗಿ ಇದರಲ್ಲಿ ನಡೆದದ್ದೆಷ್ಟು, ಆಮೇಲೆ ನಾನೇ ಹೇಳಿ ಹೇಳಿ ಬೆಳೆಸಿದ್ದೆಷ್ಟು ಎಂಬುದು ನನಗೂ ಅನುಮಾನ.

ಆಗ ನಾನು ಹೈದರಾಬಾದಿನಲ್ಲಿ ಬಿ.ಎಸ್ಸಿ. ಮುಗಿಸಿ ಲಿಂಗಸುಗೂರಿನ ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಎನ್ನುವುದೂ ತಪ್ಪೇ. ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಪಡಸಾಲೆಗೆ ಸುಮ್ಮನೆ ತಿರುಗುತ್ತಿದ್ದೆ. ಎಂ.ಎಸ್ಸಿ.ಗೆ ಹೋಗಲು ಅಪ್ಪ ಒಪ್ಪಬೇಕು. ಅಪ್ಪ ಒಪ್ಪಲು ಅವರ ಅಕ್ಕ, ಅಂದರೆ ಮಸ್ಕಿಯಲ್ಲಿದ್ದ ನನ್ನ ಸೋದರತ್ತೆ, ಹೂಂ ಅನ್ನಬೇಕು. ಅತ್ತೆ ಹೇಳಿಕಳಿಸಿದ್ದರು: "ಅಷ್ಟ ದೂರ ಹೋಗಿ ಆಕಿ ಏನ್ ಕಲ್ತಾಳ, ನಾ ಕಣ್ಣಾರೆ ನೋಡ್ತೀನಿ. ಆಮ್ಯಾಗ ಹೇಳ್ತೀನಿ."

ಕಣ್ಣಾರೆ ತೋರಿಸಲು ನನಗಿದ್ದದ್ದು ನಮ್ಮ ತಾರಾ ಮಂಡಳಿಯೊಂದೇ. ಹೆಸರಷ್ಟೇ ದೊಡ್ಡದು; ಸದಸ್ಯರು ಗಣಿತದ ಮಾಸ್ತರು, ದವಾಖಾನೆಯ ಕಂಪೌಂಡರು ಮತ್ತು ನಾನು. ಆಸ್ತಿಯೆಂದರೆ ಮಾಸ್ತರು ಯಾವುದೋ ಹರಾಜಿನಲ್ಲಿ ಹಿಡಿದ ಹಿತ್ತಾಳೆಯ ದುರ್ಬೀನು. ಅದನ್ನು ಹಳೆ ಸೀರೆಗಳ ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮಸ್ಕಿಗೆ ಹೋದೆವು. ಜೊತೆಗೆ ಅಪ್ಪನೂ ಬಂದರು. ಕಂಡಕ್ಟರು "ಕೂಸಿಗೆ ಜ್ವರ ಏನ್ರಿ?" ಎಂದು ಕೇಳಿದನೆಂದು ನನ್ನ ನೆನಪು. ಮಾಸ್ತರು ಇದನ್ನು ಇವತ್ತಿಗೂ ಒಪ್ಪುವುದಿಲ್ಲ.

ಹೊತ್ತು ಮುಳುಗಿದ ಮೇಲೆ ಶಾಲೆಯ ಅಂಗಳದಲ್ಲಿ ಮಂದಿ ಸೇರಿತು. ಆ ತಿಂಗಳು ಆಕಾಶದಲ್ಲಿ ಬಳೆ ತೊಟ್ಟ ಶನಿಗಿಂತ ಚೆಂದದ್ದು ಇನ್ನೊಂದಿರಲಿಲ್ಲ. ಮಾಸ್ತರು ಹುರುಪಿನಲ್ಲಿ, "ಬರ್‍ರಿ, ಎಲ್ಲಾರಿಗೂ ಶನಿ ತೋರಸ್ತೀವಿ!" ಎಂದು ಕೂಗಿಬಿಟ್ಟರು. ಮುಂದೆ ನಿಂತವರು ಎರಡು ಹೆಜ್ಜೆ ಹಿಂದೆ ಸರಿದರು.

"ಬ್ಯಾಡ್ರಿ ಮಾಸ್ತರ," ಎಂದ ಒಬ್ಬ ಮುದುಕ. "ಅಂವಾ ತಾನಾಗೇ ಮನಿಗೆ ಬರಾಂವ. ನಾವ್ಯಾಕ ಹುಡಕ್ಕೊಂಡು ಹೋಗೂಣು?"

ಆದರೆ ಪರ ಊರಿನಿಂದ ಬಂದವರ ಮುಖ ಮುರಿಯುವುದು ಆ ಮಂದಿಗೆ ಗೊತ್ತಿಲ್ಲ. ಚಪ್ಪಲಿ ಬಿಟ್ಟು ಸಾಲು ನಿಂತರು. ಒಬ್ಬೊಬ್ಬರೂ ಬಗ್ಗಿ, ದುರ್ಬೀನಿಗೆ ಮುಖ ಹಚ್ಚಿ, ಎದ್ದು, "ಭಾಳ ಚಲೋ ಕಂಡ್ತ್ರಿ" ಎಂದರು. ಶನಿಯೋ, ನನಗಿಂತ ಚಡಪಡಿಕೆಯವನು. ಭೂಮಿ ತಿರುಗಿದಂತೆ ನಿಮಿಷಕ್ಕೊಮ್ಮೆ ದುರ್ಬೀನಿನಿಂದ ಜಾರಿಹೋಗುತ್ತಿದ್ದ. ಅವನನ್ನು ಮತ್ತೆ ಹಿಡಿದು ತರುವುದೇ ನನ್ನ ಕೆಲಸ.

ಕೊನೆಗೆ ಅತ್ತೆ ತಲೆತುಂಬ ಸೆರಗು ಹೊದ್ದು ಬಂದರು. ನಾನು ಗಡಬಡಿಸಿ ಪಕ್ಕಕ್ಕೆ ಸರಿದೆ. ಉಳಿದವರಿಗಿಂತ ಹೆಚ್ಚು ಹೊತ್ತು ಬಗ್ಗಿ ನಿಂತರು, ಕೈಮುಗಿದರು, ಸೊಂಟ ಹಿಡಿದು ಎದ್ದರು.

"ಛಂದ ಅದಾನ ಬಿಡವಾ ನಿನ್ನ ಶನಿ," ಎಂದವರು ಅಪ್ಪನ ಕಡೆ ತಿರುಗಿ, "ತಮ್ಮಾ, ಕಳಸು ಆಕಿನ್ನ. ಮಂದಿ ಇಷ್ಟ ಭಕ್ತಿಲೆ ನಿಂತಾರಂದ್ರ ಏನೋ ಕಲ್ತಾಳ," ಎಂದರು.

ನಾನು ಆ ಖುಷಿಯಲ್ಲೇ ದುರ್ಬೀನಿಗೆ ಕೌದಿ ಸುತ್ತುತ್ತಿದ್ದಾಗ, ಇಡೀ ಹೊತ್ತು ಪಕ್ಕದಲ್ಲಿ ಕಂದೀಲು ಹಿಡಿದು ನಿಂತಿದ್ದ ಕಂಪೌಂಡರು ನಗು ತಡೆಯಲಾರದೆ ಕೆಮ್ಮಿದರು. "ತಂಗೀ, ಒಬ್ಬರೂ ನೋಡಿಲ್ಲ! ಮುಖ ಹಚ್ಚೋದು, ಎರಡೂ ಕಣ್ಣು ಗಟ್ಟಿ ಮುಚ್ಚೋದು, ಕೈಮುಗಿಯೋದು. ಶನಿ ದೃಷ್ಟಿಗೆ ಯಾರ್ ಬೀಳ್ತಾರ?"

"ಅತ್ತೀನೂ?"

"ಆಕಿ ಸೆರಗು ಹೊತ್ತಿದ್ಲಲ್ಲವಾ, ಮುಖನ ಕಾಣ್ಲಿಲ್ಲ."

ಅಪ್ಪನಿಗೆ ನಾನು ಏನೂ ಹೇಳಲಿಲ್ಲ. ಹೈದರಾಬಾದಿನ ಬಸ್ಸು ಹತ್ತುವವರೆಗೆ ಕಂಪೌಂಡರು ನಮ್ಮ ಮನೆಯ ಕಡೆ ಬಾರದಂತೆ ನೋಡಿಕೊಂಡೆ. ಈಗ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಕಾಣದ್ದನ್ನು ಕಂಡೆ ಎಂದು ಬರೆದ ಹುಡುಗಿಯರ ಪ್ರಯೋಗದ ಪುಸ್ತಕಗಳಿಗೆ ಕೆಂಪು ಗೀಟು ಎಳೆಯುತ್ತೇನೆ. ಎಳೆಯುವ ಹಕ್ಕು ನನಗೂ ಅಷ್ಟಕ್ಕಷ್ಟೇ. ಏಕೆಂದರೆ ಅತ್ತೆ ಬಗ್ಗುವ ಮುಂಚೆ ಶನಿಯನ್ನು ಮತ್ತೆ ಹಿಡಿದು ತಂದಿದ್ದೆನೋ, ಗಾಬರಿಯಲ್ಲಿ ಮರೆತಿದ್ದೆನೋ, ಅದೂ ನನಗೆ ನೆನಪಿಲ್ಲ. ಮಸ್ಕಿಗೆ ಹೋದಾಗಲೆಲ್ಲ ಕೇಳುತ್ತೇನೆ. ಅತ್ತೆ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ ಒಳಗೆ ಹೋಗುತ್ತಾರೆ. ಮೊನ್ನೆ ಅವರ ಹಿಂದೆಯೇ ಒಲೆಯವರೆಗೂ ಹೋಗಿ ಕೇಳಿದೆ:

"ಅತ್ತೀ, ಖರೇ ಹೇಳು, ಅವತ್ತ ನೀ ಕಣ್ಣು ತೆರದಿದ್ದಿ ಇಲ್ಲೋ?"