ಕಡತ ವಿಭಾಗದ ಮೇಲ್ವಿಚಾರಕಿಯವರ ಬಿಳಿ ರಕ್ತಕಣಗಳನ್ನು ಹುರಿದುಂಬಿಸದಿರುವ ಬಗ್ಗೆ

ಸಂಖ್ಯೆ: ಕವಿ/ಬಿರಕ/ಹುರಿ-ನಿಷೇಧ/07

ವಿಷಯ: ಮೇಲ್ಕಂಡಂತೆ.

ಉಲ್ಲೇಖ: 1) ವೈದ್ಯರ ಪತ್ರ (ಕೈಬರಹ ಓದಲು ಸಮಿತಿ ರಚಿಸಲಾಗಿತ್ತು).
2) ಗೇಟಿನ ಕಾವಲುಗಾರರ ಮನವಿ.
3) ಬಿ ವಿಭಾಗದ ನೌಕರರ ಸಾಮೂಹಿಕ ಆಕ್ಷೇಪಣೆ.

ಸಿಬ್ಬಂದಿಯೆಲ್ಲ ‘ಅಕ್ಕ’ ಎಂದು ಕರೆಯುವ ಸದರಿ ಮೇಲ್ವಿಚಾರಕಿಯವರು ಎಡಗಣ್ಣು ಮಂಜಾಗಿ ನಲವತ್ತೊಂದು ಪತ್ರಗಳಿಗೆ ಮೊಹರನ್ನು ತಲೆಕೆಳಗಾಗಿ ಒತ್ತಿದ್ದು, ಆಮೇಲೆ ಬಲಗಾಲು ಜೋಮು ಹಿಡಿದು ಮೆಟ್ಟಿಲ ಮೇಲೇ ಕುಳಿತುಬಿಟ್ಟಿದ್ದು ಎಲ್ಲರಿಗೂ ತಿಳಿದಿದೆ. ಇದು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದೂ, ರೋಗಾಣುಗಳ ಮೇಲೆ ಬೀಳಬೇಕಾದ ಅವರ ಬಿಳಿ ರಕ್ತಕಣಗಳೇ ಮೆದುಳು, ಬೆನ್ನುಹುರಿಗೆ ನುಗ್ಗಿ ನರಗಳ ಹೊದಿಕೆಯನ್ನು ಕಿತ್ತುಹಾಕುತ್ತಿವೆ ಎಂದೂ ವೈದ್ಯರು ತಿಳಿಸಿದ್ದಾರೆ. ಆರು ವಾರಗಳ ರಜೆ ಮುಗಿಸಿ ಅವರು ಹಾಜರಾದಂದಿನಿಂದ ಸಿಬ್ಬಂದಿಯ ಪ್ರೀತಿಯು ಹತೋಟಿ ಮೀರಿರುವುದರಿಂದ ಈ ಕೆಳಗಿನಂತೆ ಆದೇಶಿಸಲಾಗಿದೆ.

1. ರೋಗನಿರೋಧಕ ಶಕ್ತಿ ಹೆಚ್ಚಲೆಂದು ಅವರ ಮೇಜಿನ ಮೇಲೆ ಇಡಲಾಗಿದ್ದ ಹದಿನಾಲ್ಕು ಬಾಟಲಿ, ಐದು ಡಬ್ಬಿ ಪುಡಿ ಹಾಗೂ ಗುರುತು ಸಿಗದ ಒಂದು ಬೇರನ್ನು ತಂದವರೇ ಹಿಂಪಡೆಯತಕ್ಕದ್ದು. ಸದರಿಯವರ ಕಣಗಳಿಗೆ ಶಕ್ತಿಯ ಕೊರತೆಯಿಲ್ಲ, ವಿವೇಚನೆಯ ಕೊರತೆಯಿದೆ. ವಿವೇಚನೆ ಹೆಚ್ಚಿಸುವ ಬಾಟಲಿ ಯಾರಲ್ಲಾದರೂ ಇದ್ದಲ್ಲಿ ಮೊದಲು ತಾವೇ ಕುಡಿದು ವರದಿ ಸಲ್ಲಿಸುವುದು.

2. ಸದರಿ ಬಿಳಿ ರಕ್ತಕಣಗಳ ಪೈಕಿ ನರಗಳ ಮೇಲೆ ಬೀಳುವ ಟಿ ಕಣಗಳನ್ನು ‘ಮನೆಯವರನ್ನೇ ಹೊಡೆಯುವ ಕಾವಲುಗಾರ’ ಎಂದು ವಿವರಿಸುವುದನ್ನು ನಿಲ್ಲಿಸತಕ್ಕದ್ದು. “ಹನ್ನೊಂದು ವರ್ಷದಿಂದ ಗೇಟಲ್ಲಿ ಕೂತಿದೀನಿ ಸಾರ್, ಒಳಗಿನವರ ಮೇಲೆ ಒಂದು ದಿನಾನೂ ಕೈ ಎತ್ತಿಲ್ಲ. ಎತ್ತಬೇಕು ಅನ್ನಿಸಿದ್ದುಂಟು” ಎಂಬ ಕಾವಲುಗಾರರ ಹೇಳಿಕೆಯಲ್ಲಿ ಮೊದಲ ವಾಕ್ಯವನ್ನು ಮಾತ್ರ ಅಂಗೀಕರಿಸಲಾಗಿದೆ.

3. ಟಿ ಕಣಗಳ ಕಿವಿಯೂದಿ ಎತ್ತಿಕಟ್ಟುವುದು ಬಿಳಿ ರಕ್ತಕಣಗಳಲ್ಲೇ ಇನ್ನೊಂದು ಬಗೆಯಾದ ಬಿ ಕಣಗಳಾದ್ದರಿಂದ, ಅವುಗಳನ್ನು ತೆಗೆದುಹಾಕುವ ಔಷಧವನ್ನು ಆರು ತಿಂಗಳಿಗೊಮ್ಮೆ ನೀಡಲಾಗುತ್ತದೆ. ಇದಕ್ಕೂ ಮಹಡಿಯ ಮೇಲಿನ ಬಿ ವಿಭಾಗಕ್ಕೂ ಯಾವುದೇ ಸಂಬಂಧವಿಲ್ಲ. ಕಿವಿಯೂದುವ ವಿಚಾರ ಕೇಳಿದ ಮೇಲಂತೂ ಸದರಿ ವಿಭಾಗದವರು ‘ಹಾಗಾದರೆ ನಾವೇ’ ಎಂದು ಖಚಿತಪಡಿಸಿಕೊಂಡಿರುವುದು ವಿಷಾದನೀಯ.

4. ಈ ಔಷಧದಿಂದ ಅವರಿಗೆ ಸೋಂಕು ಬೇಗ ತಗಲುವ ಸಂಭವವಿರುವುದರಿಂದ ನೆಗಡಿಯಾದವರು ಕಡತ ಕೊಠಡಿಗೆ ಕಾಲಿಡತಕ್ಕದ್ದಲ್ಲ. ಹಠಾತ್ ಸೀನಿಗೆ ಆಮೇಲೆ ಅನುಮತಿ ಕೋರಲು ಅವಕಾಶವಿಲ್ಲ. ಸೀನು ತಡೆದು ಕಣ್ಣಲ್ಲಿ ನೀರು ಬಂದವರು ಅಕ್ಕನಿಗಾಗಿ ಅತ್ತಿದ್ದಾಗಿ ಹೇಳಿಕೊಂಡು ತಿರುಗತಕ್ಕದ್ದಲ್ಲ.

5. ಇಂಥ ಗಲಾಟೆಯನ್ನು ಶಮನ ಮಾಡುವ ನಿಯಂತ್ರಕ ಕಣಗಳೂ ದೇಹದಲ್ಲಿದ್ದು, ಸದರಿಯವರಲ್ಲಿ ಅವು ಸರಿಯಾಗಿ ಕೆಲಸ ಮಾಡುತ್ತಿಲ್ಲ. ಆ ಜಾಗಕ್ಕೆ ತಮ್ಮನ್ನು ನಿಯೋಜಿಸಬೇಕೆಂದು ಜೀಪಿನ ಚಾಲಕರು ಸಲ್ಲಿಸಿದ ಅರ್ಜಿಯನ್ನು, ಒಳಗೆ ಹೋಗುವ ಮಾರ್ಗ ನಮೂದಿಸದ ಕಾರಣ ತಿರಸ್ಕರಿಸಲಾಗಿದೆ.

6. ಅಕ್ಕನಿಗೆ ಆಯಾಸವಾಗಬಾರದೆಂದು ಸೋಮವಾರ ಮೊಹರು, ಮಂಗಳವಾರ ರಿಜಿಸ್ಟರು, ಬುಧವಾರ ಪೆನ್ನು, ಗುರುವಾರ ಮೇಜನ್ನೇ ಬೇರೆಡೆಗೆ ಒಯ್ಯಲಾಗಿದೆ. ಶುಕ್ರವಾರ ಅವರು ಬರೀ ಕುರ್ಚಿಯಲ್ಲಿ ಕೈಕಟ್ಟಿ ಕುಳಿತಿದ್ದುದನ್ನು ಕೆಳಗೆ ಸಹಿ ಮಾಡಿರುವವರು ಖುದ್ದು ನೋಡಿದ್ದಾರೆ. “ನನ್ನ ಕಣಗಳೇ ವಾಸಿ ಸಾರ್. ಅವು ಹೊದಿಕೆ ಕಿತ್ತವು ಅಷ್ಟೆ. ಇವರು ಪ್ರೀತಿ ಮಾಡಿ ಮಾಡಿ ಕೆಲಸಾನೇ ಕಿತ್ಕೊಂಡ್ರು” ಎಂದು ಅವರು ತಿಳಿಸಿದ್ದಾರೆ. ಆದ್ದರಿಂದ ಎಲ್ಲವನ್ನೂ ಇಂದೇ ಹಿಂದಿರುಗಿಸತಕ್ಕದ್ದು. ಸೆಕೆಗೆ ಈ ಕಾಯಿಲೆಯ ತೊಂದರೆ ಹೆಚ್ಚುವುದರಿಂದ ಅಂಥ ದಿನ ಕಾಲು ಸೋತರೆ ಅವರೇ ಕರೆಯುತ್ತಾರೆ. ಕರೆದಾಗ ಒಬ್ಬರು ಮಾತ್ರ ಏಳುವುದು. ಹಿಂದಿನ ಸಲ ಒಂಬತ್ತು ಮಂದಿ ಒಟ್ಟಿಗೆ ಎದ್ದು ಬಾಗಿಲಲ್ಲಿ ಸಿಕ್ಕಿಕೊಂಡಿದ್ದು, ಅವರನ್ನು ಬಿಡಿಸಿದವರು ಅಕ್ಕನೇ.

ಸಹಿ/-
ಕಚೇರಿ ಮುಖ್ಯಸ್ಥರು

ಪ್ರತಿಗಳು:
1. ಗೇಟಿಗೆ, ಅಂಟಿಸಲು.
2. ಬಿ ವಿಭಾಗಕ್ಕೆ, ಧೈರ್ಯಕ್ಕಾಗಿ.
3. ಸದರಿಯವರ ತಾಯಿಯವರಿಗೆ, ದಿನಕ್ಕೆ ಐದು ಸಲದ ಬದಲು ಒಂದೇ ಸಲ ಫೋನ್ ಮಾಡುವ ಕೋರಿಕೆಯೊಂದಿಗೆ.
4. ಸದರಿ ಮೇಲ್ವಿಚಾರಕಿಯವರಿಗೆ. ಈ ಸುತ್ತೋಲೆಯ ಕರಡಿನಲ್ಲಿದ್ದ ಎಂಟು ಕಾಗುಣಿತ ತಪ್ಪುಗಳನ್ನು ಅವರೇ ತಿದ್ದಿಕೊಟ್ಟಿದ್ದಾರೆ. ಒಂಬತ್ತನೆಯದನ್ನು, “ಅದು ನಿಮ್ಮ ಸಹೀಲೇ ಇದೆ ಸಾರ್, ನಾನು ಹೇಗೆ ಮುಟ್ಟಲಿ” ಎಂದು ಹಾಗೆಯೇ ಬಿಟ್ಟಿದ್ದಾರೆ.