ಗುಡ್ಡದ ಮೇಲೆ ಹೂಡಿದ ಒಲೆ

ನಲವತ್ತೈದು ದಾಟಿದ ಗಂಡಸಿಗೆ ಏನಾದರೊಂದು ಹುಚ್ಚು ಹಿಡಿಯದೆ ಬಿಡುವುದಿಲ್ಲ. ಕೆಲವರು ಮೀಸೆಗೆ ಬಣ್ಣ ಹಚ್ಚುತ್ತಾರೆ, ಕೆಲವರು ಬೆಳಗಾದರೆ ಮೊಳಕೆ ಕಾಳು ತಿಂದು ಕಂಡವರಿಗೆಲ್ಲ ಉಪದೇಶ ಕೊಡುತ್ತಾರೆ, ಇನ್ನು ಕೆಲವರು ಇದ್ದಕ್ಕಿದ್ದಂತೆ ವೇದಾಂತಿಗಳಾಗುತ್ತಾರೆ. ನನಗೆ ಗುಡ್ಡ ಹತ್ತುವ ಹುಚ್ಚು ಹಿಡಿಯಿತು. ಹುಚ್ಚು ಹಿಡಿದದ್ದಕ್ಕೆ ನನಗೇನೂ ನಾಚಿಕೆಯಿಲ್ಲ. ಆದರೆ ಈ ಹುಚ್ಚಿನಿಂದ ನನ್ನ ಮೊಣಕಾಲಿಗೆ ಬಿದ್ದ ಪೆಟ್ಟಿಗಿಂತ ನನ್ನ ಹೆಂಡತಿಯ ಹೆಸರಿಗೆ ಬಿದ್ದ ಪೆಟ್ಟು ದೊಡ್ಡದು. ಅದನ್ನು ನೆನೆದಾಗಲೆಲ್ಲ ಈಗಲೂ ಕಿವಿ ಬಿಸಿಯಾಗುತ್ತದೆ. ಮೊಣಕಾಲಿಗಾದರೆ ಎಣ್ಣೆ ತಿಕ್ಕಿಕೊಳ್ಳಬಹುದು, ಇದಕ್ಕೆ ಯಾವ ಎಣ್ಣೆಯೂ ಇಲ್ಲ.

ನಾನು ಕೂಡ್ಲಿಗಿಯಲ್ಲಿ ಹೈಸ್ಕೂಲು ಮೇಷ್ಟ್ರು. ಪಾಠ ಮಾಡುವುದು ಸಮಾಜ ವಿಜ್ಞಾನ. ನಮ್ಮ ಕಡೆ ಗುಡ್ಡಗಳಿಗೇನೂ ಬರವಿಲ್ಲ. ಯಾವ ದಿಕ್ಕಿಗೆ ಮುಖ ಮಾಡಿದರೂ ಬಂಡೆಯ ಮೇಲೆ ಬಂಡೆ ಪೇರಿಸಿದ ಒಂದು ಗುಡ್ಡ ಕಾಣುತ್ತದೆ. ಆದರೆ ಕಾರಣವಿಲ್ಲದೆ ಅದನ್ನು ಹತ್ತುವವರು ಮಾತ್ರ ಯಾರೂ ಇಲ್ಲ. ಕುರಿ ಮೇಯಿಸಲು ಹತ್ತುತ್ತಾರೆ, ಮೇಲೆ ದೇವರಿದ್ದರೆ ಕಾಯಿ ಒಡೆಯಲು ಹತ್ತುತ್ತಾರೆ. ಸುಮ್ಮನೆ ಹತ್ತಿ, ಸುಮ್ಮನೆ ಸುತ್ತ ನೋಡಿ, ಸುಮ್ಮನೆ ಇಳಿದು ಬರುತ್ತೇನೆಂದರೆ ನಮ್ಮ ಜನಕ್ಕೆ ಅರ್ಥವಾಗುವುದಿಲ್ಲ. ಮೊದಲ ಭಾನುವಾರ ಹೊಸ ಬೂಟು ಹಾಕಿಕೊಂಡು, ಕೈಯಲ್ಲಿ ನೀರಿನ ಬಾಟಲಿ ಹಿಡಿದು ಹೊಲದ ದಾರಿಯಲ್ಲಿ ಹೊರಟಾಗ ಎದುರು ಬಂದ ಹಿರಿಯರೊಬ್ಬರು ನನ್ನ ಬಾಟಲಿ ನೋಡಿ, "ಯಾಕ್ರೀ ಮೇಷ್ಟ್ರ, ಮನ್ಯಾಗ ಕಟ್ಟಿಸ್ಕೊಂಡಿಲ್ಲೇನು? ಇಷ್ಟು ದೂರ ಹೊಂಟೀರಿ?" ಎಂದು ಮರುಕದಿಂದ ಕೇಳಿದರು. ಅವರಿಗೆ ಚಾರಣದ ಮಹಿಮೆ ವಿವರಿಸಿದೆ. ಎಲ್ಲ ಕೇಳಿಸಿಕೊಂಡು, "ಹೋಗ್ರಿ ಹೋಗ್ರಿ, ಹೊತ್ತಾದೀತು" ಎಂದರು.

ಗುಡ್ಡ ಹತ್ತುವುದಷ್ಟೇ ಆಗಿದ್ದರೆ ಮಾನ ಉಳಿಯುತ್ತಿತ್ತು. ಮೊಬೈಲಿನಲ್ಲಿ ಚಾರಣಿಗರ ವಿಡಿಯೋ ನೋಡುವ ಚಟ ಬೇರೆ ಹತ್ತಿತಲ್ಲ, ಅಲ್ಲಿಂದ ಶುರುವಾಯಿತು ಶನಿ. ಅದರಲ್ಲಿ ಯಾರೋ ಪುಣ್ಯಾತ್ಮ ಕಾಡಿನ ನಡುವೆ ಕಲ್ಲು ಹೂಡಿ, ಪುಟ್ಟ ಪಾತ್ರೆಯಲ್ಲಿ ಏನನ್ನೋ ಕುದಿಸಿ, ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚುತ್ತಾನೆ. ಆ ಕಣ್ಣು ಮುಚ್ಚುವ ಸುಖ ನನಗೂ ಬೇಕೆನಿಸಿತು. ಶನಿವಾರ ಸಂಜೆ ಹೆಂಡತಿ ಗಿರಿಜಾಳಿಗೆ ವಿಷಯ ತಿಳಿಸಿದೆ.

"ಬುತ್ತಿ ಕಟ್ಟಿಕೊಡ್ತೀನಿ ತಗೊಂಡ್ ಹೋಗ್ರಿ" ಅಂದಳು. "ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಬಿಸಲಾಗ ಕೆಡಂಗಿಲ್ಲ."

"ಬುತ್ತಿ ಒಯ್ದರೆ ಅದು ಚಾರಣ ಅಲ್ಲ, ಹೊಲಕ್ಕೆ ಹೋದಂಗೆ. ಅಲ್ಲೇ ಬೇಯಿಸಿ ತಿನ್ನಬೇಕು. ಅದೊಂದು ಸಂಸ್ಕೃತಿ" ಎಂದೆ.

"ಮನ್ಯಾಗ ಗ್ಯಾಸ್ ಹಚ್ಚಾಕ ಬರಂಗಿಲ್ಲ, ಗುಡ್ಡದಾಗ ಒಲಿ ಹಚ್ತಾರಂತ! ಆ ಗುಡ್ಡದಾಗ ಕರಡಿ ಅದಾವ್ರಿ. ಪಾಪ, ಅವುಕ್ಕ್ಯಾಕ ತ್ರಾಸ ಕೊಡ್ತೀರಿ?" ಎಂದು ಅಕ್ಕಿ, ಹೆಸರುಬೇಳೆ, ಉಪ್ಪು, ಅರಿಶಿನಗಳನ್ನು ಪೊಟ್ಟಣ ಕಟ್ಟಿಕೊಟ್ಟಳು.

ಕೊಟ್ಟೂರು ರಸ್ತೆಯಿಂದ ಒಳಗೆ ಹೋದರೆ ಸಿಗುವ ಗುಡ್ಡವದು. ಅರ್ಧಕ್ಕೇ ಏದುಸಿರು ಬಂತು. ಒಂದು ಚಪ್ಪಟೆ ಬಂಡೆಯ ಮೇಲೆ ಮೂರು ಕಲ್ಲು ಹೂಡಿ, ಪುಳ್ಳೆ ಆರಿಸಿ ತಂದು ಬೆಂಕಿ ಹಚ್ಚಿದೆ. ಹಚ್ಚಿದೆ ಎನ್ನುವುದು ನನ್ನ ಅಭಿಮಾನದ ಮಾತು. ಕಡ್ಡಿಪೆಟ್ಟಿಗೆ ಖಾಲಿಯಾಗುತ್ತ ಬಂತೇ ಹೊರತು ಬೆಂಕಿ ಕಾಣಲಿಲ್ಲ. ಹೊಗೆಗೆ ಮಾತ್ರ ಕೊರತೆಯಿರಲಿಲ್ಲ. ಕುಕ್ಕರುಗಾಲಲ್ಲಿ ಕೂತು ಊದಿದೆ, ಕೆಮ್ಮಿದೆ, ಮತ್ತೆ ಊದಿದೆ. ಎರಡೂ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯತೊಡಗಿತು. ಕಿಚಡಿ ಕೆಳಗೆ ಸೀದಿತ್ತು, ಮೇಲೆ ಹಸಿಯಾಗಿಯೇ ಇತ್ತು. ಒಂದು ಚಮಚ ಬಾಯಿಗಿಟ್ಟೆ, ಕಣ್ಣು ತಾನಾಗಿಯೇ ಮುಚ್ಚಿತು. ಆದರೆ ವಿಡಿಯೋದವನ ಕಣ್ಣು ಮುಚ್ಚಿದ ಕಾರಣವೇ ಬೇರೆಯಿರಬೇಕು.

ಆ ಹೊತ್ತಿಗೆ ಸರಿಯಾಗಿ ಬಂಡೆಯ ಮರೆಯಿಂದ ಕುರಿಗಳು ಬಂದವು. ಹಿಂದೆಯೇ ಹೆಗಲಿಗೆ ಕಂಬಳಿ, ಕೈಯಲ್ಲಿ ಮೊಬೈಲು ಹಿಡಿದ ಕುರಿಗಾರ ಬೀರಪ್ಪ ಬಂದ. ನನ್ನನ್ನು ನೋಡಿದ, ಒಲೆಯನ್ನು ನೋಡಿದ, ಮತ್ತೆ ನನ್ನ ಕಣ್ಣನ್ನು ನೋಡಿದ. ಹತ್ತಿರ ಬಂದು ಪಕ್ಕದಲ್ಲಿ ಕೂತು ಮೆಲುದನಿಯಲ್ಲಿ, "ಮನ್ಯಾಗ ಏನರ ಆಗೇತೇನ್ರಿ?" ಎಂದ.

ಸಮಾಜ ವಿಜ್ಞಾನದ ಮೇಷ್ಟ್ರಾದ ನಾನು ಮರೆತದ್ದು ಇಲ್ಲಿದೆ. ನಮ್ಮ ಕಡೆ ಅಣ್ಣತಮ್ಮಂದಿರು ಬೇರೆಯಾದರೆ ಮೊದಲು ಬೇರೆಯಾಗುವುದು ಒಲೆ. ಹೊಲ ಹಂಚಿಕೆ ಆಮೇಲೆ ಎಂದಾದರೂ ಆಗಲಿ, ಅಂಗಳದ ಮೂಲೆಯಲ್ಲಿ ಮೂರು ಕಲ್ಲು ಬಿದ್ದವೆಂದರೆ ಮನೆ ಒಡೆಯಿತೆಂದೇ ಲೆಕ್ಕ. ಇನ್ನು ಊರೊಳಗೆ ಹೆಂಡತಿ ಇರುವ ಗಂಡಸು, ಇಸ್ತ್ರಿ ಅಂಗಿ ತೊಟ್ಟವನು, ಊರ ಹೊರಗೆ ಒಬ್ಬನೇ ಕೂತು ಅನ್ನ ಬೇಯಿಸಿಕೊಳ್ಳುತ್ತಿದ್ದಾನೆ ಎಂದರೆ ಅದಕ್ಕಿರುವುದು ಒಂದೇ ಅರ್ಥ: ಮನೆಯಲ್ಲಿ ಅವಳು ಇವನಿಗೆ ಕೂಳು ಹಾಕುತ್ತಿಲ್ಲ.

ಇಲ್ಲಪ್ಪ, ಇದು ಚಾರಣ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬೀರಪ್ಪ ತನ್ನ ಬುತ್ತಿ ಗಂಟು ಬಿಚ್ಚಿದ. ಸಜ್ಜೆ ರೊಟ್ಟಿ, ಗುರೆಳ್ಳು ಹಿಂಡಿ ಎನ್ನುವ ಚಟ್ನಿಪುಡಿ, ಹಸಿ ಉಳ್ಳಾಗಡ್ಡಿ, ಡಬ್ಬಿಯಲ್ಲಿ ಗಟ್ಟಿ ಮೊಸರು. ತೆರೆದ ಬಾಯಿ ಹಾಗೆಯೇ ಉಳಿಯಿತು. ರೊಟ್ಟಿಯ ಮೇಲೆ ಹಿಂಡಿ ಹಾಕಿ, ಮೊಸರು ಸುರಿದು ನನ್ನ ಕೈಗಿಟ್ಟ. ಅಯ್ಯೋ, ಆ ರುಚಿಯನ್ನು ಏನೆಂದು ಹೇಳಲಿ! ಅದು ಮುಗಿಯುತ್ತಿದ್ದಂತೆ ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡೇ, "ಹೇಳ್ರಿ, ಮನಸಿನಾಗ ಇಟ್ಕಾಬ್ಯಾಡ್ರಿ. ಹೆಂಡ್ತಿ ಕಾಟೇನು?" ಎಂದ. ನಾನು ರೊಟ್ಟಿಯನ್ನೇ ನೋಡುತ್ತ ಒಂದು ದೊಡ್ಡ ನಿಟ್ಟುಸಿರು ಬಿಟ್ಟು, "ಏನು ಹೇಳೋದಪ್ಪ" ಎಂದೆ. ಅಷ್ಟೇ ಅಂದದ್ದು. ರೊಟ್ಟಿ ನನ್ನ ಕೈಗೆ ಬಂತು.

ಅವನಿಗೆ ನನ್ನ ಮೇಲೆ ಮರುಕ ಉಕ್ಕಿತು, ಯಾವ ಊರಿನ ಅಳಿಯ ಎಂದು ವಿಚಾರಿಸಿದ. ಮಾಗಳ ಎಂದೆ. ಯಾರ ಮನೆ ಎಂದ. ಕೊಟ್ರೇಶನ ಅಕ್ಕನ ಗಂಡ ಎಂದೆ. "ಅಯ್ಯ ನಿಮ್ಮ! ಬ್ಯಾಸಗ್ಯಾಗ ರಾತ್ರಿ ನಮ್ಮ ಕುರಿ ತರುಬಿ ನಿಲ್ಸೋದು ಅವರ ಹೊಲದಾಗ ಅಲ್ರಿ!" ಎಂದು ಬೀರಪ್ಪ ಕೂಗಿಯೇಬಿಟ್ಟ. ಮೂರನೆಯ ರೊಟ್ಟಿಯಲ್ಲಿ ಮುಳುಗಿದ್ದ ನನಗೆ ಅದರ ಅಪಾಯ ಹೊಳೆಯಲಿಲ್ಲ. ಅವನು ಮೊಬೈಲು ಎತ್ತಿ ನನ್ನ ಕಡೆ ಹಿಡಿದದ್ದೂ ಸಿಗ್ನಲ್ ಹುಡುಕಲಿಕ್ಕೆ ಎಂದುಕೊಂಡೆ.

ನಾನು ಗುಡ್ಡ ಇಳಿದು, ಬಸ್ಸು ಹಿಡಿದು, ಒಂದು ಚಹಾ ಕುಡಿದು ಮನೆ ಮುಟ್ಟುವಷ್ಟರಲ್ಲಿ ಬಾಗಿಲಲ್ಲಿ ಭಾವಮೈದುನ ಕೊಟ್ರೇಶನ ಮೋಟಾರ್ ಸೈಕಲ್ ನಿಂತಿತ್ತು. ಹಡಗಲಿ ದಾಟಿ ಆ ಬಿಸಿಲಲ್ಲಿ ಬಂದಿದ್ದ. ಹಿಂದೆ ಕೂತು ಬಂದ ಅತ್ತೆಯವರ ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ. ಕೊಟ್ರೇಶ ತನ್ನ ಮೊಬೈಲಿಗೆ ಬೀರಪ್ಪ ಕಳಿಸಿದ ಫೋಟೋ ತೋರಿಸಿದ. ಮೂರು ಕಲ್ಲು, ಸೀದ ಪಾತ್ರೆ, ಕೈಯಲ್ಲಿ ಪರರ ರೊಟ್ಟಿ, ಕೆನ್ನೆಯ ಮೇಲೆ ಕಣ್ಣೀರು. ನನಗೇ ನನ್ನನ್ನು ನೋಡಿ ಅಯ್ಯೋ ಪಾಪ ಅನಿಸಿತು.

ಅತ್ತೆ ನೇರ ಅಡುಗೆಮನೆಗೆ ಹೋದರು. ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ನೋಡಿದರು. ರೊಟ್ಟಿ ಬುಟ್ಟಿಯ ಮೇಲಿನ ಅರಿವೆ ಸರಿಸಿ ನೋಡಿದರು. "ಎಲ್ಲಾ ಐತಲ್ಲವ್ವ ಮನ್ಯಾಗ. ಹಾಕಾಕ ಏನಾಗೇತಿ ನಿನಗ? ಮಾಗಳದಾಗ ತಲಿ ಎತ್ತಿ ತಿರುಗಂಗಿಲ್ಲ ನಾವು" ಎಂದರು. ಬಂದವರನ್ನೆಲ್ಲ ಉಣ್ಣದೆ ಹೋಗಲು ಬಿಡದವಳು ನನ್ನ ಗಿರಿಜಾ. ನಮ್ಮ ಓಣಿಯಲ್ಲಿ ಅವಳ ಹೆಸರಿರುವುದೇ ಆ ಒಂದು ಕಾರಣಕ್ಕೆ. ಸ್ವಂತ ತಾಯಿಯ ಎದುರು, ತನ್ನದೇ ರೊಟ್ಟಿ ಬುಟ್ಟಿಯ ಪಕ್ಕ, ಕಳ್ಳಿಯ ಹಾಗೆ ನಿಂತಿದ್ದಳು. ಭೂಮಿ ಬಾಯಿ ಬಿಟ್ಟಿದ್ದರೆ ಬೂಟು ಸಮೇತ ಒಳಗೆ ಹೋಗಿಬಿಡುತ್ತಿದ್ದೆ. ಬಾಯಿ ಬಿಡಬೇಕಾದವನು ನಾನೇ ಆಗಿದ್ದೆ, ಬಿಡಲಿಲ್ಲ. ಅದು ಚಾರಣ, ಅದೊಂದು ಸಂಸ್ಕೃತಿ ಎಂದೇನೋ ತೊದಲಿದೆ. ಕೊಟ್ರೇಶ, "ಇರ್ಲಿ ಬಿಡ್ರಿ ಮಾವಾರ, ನಮಗ ಗೊತ್ತಾಗಂಗಿಲ್ಲೇನು" ಎಂದು ನನ್ನ ಬೆನ್ನು ಸವರಿದ.

ಅವರು ಹೋದ ಮೇಲೆ ಗಿರಿಜಾ ಕೇಳಿದಳು: "ಆ ಬೀರಪ್ಪಗ ಏನಂದ್ರಿ ನೀವು?"

"ಏನೂ ಅನ್ನಲಿಲ್ಲ. ಏನು ಹೇಳೋದಪ್ಪ ಅಂದೆ, ಅಷ್ಟೇ."

"ಯಾಕಂದ್ರಿ?"

"ಇನ್ನೊಂದು ರೊಟ್ಟಿ ಇತ್ತು ಅವನ ಕೈಯಾಗೆ."

ಅವಳು ರೊಟ್ಟಿ ಬುಟ್ಟಿಯ ಮೇಲೆ ಅರಿವೆಯನ್ನು ಮತ್ತೆ ಹೊದಿಸಿದಳು. ಆಮೇಲೆ, "ನಾ ಬುತ್ತಿ ಕಟ್ಟಿಕೊಡ್ತೀನಿ ಅಂದಿದ್ನಲ್ರಿ" ಎಂದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಅಂದದ್ದು ಅಷ್ಟೇ. ಬೆಳಗಾಗುವಷ್ಟರಲ್ಲಿ ಅವಳೇ ತೀರ್ಪು ಕೊಟ್ಟಳು. ಮುಂದಿನ ಭಾನುವಾರ ಅದೇ ಗುಡ್ಡ, ಅದೇ ಕಲ್ಲು. ತವರಿನವರು, ಬೀರಪ್ಪ, ಅವನ ಹೆಂಡತಿ ಮಾಳವ್ವ ಎಲ್ಲರೂ ಬರಬೇಕು. ಒಲೆ ಅವಳೇ ಹಚ್ಚುತ್ತಾಳೆ, ನಾನು ಎಲ್ಲರ ಮುಂದೆ ನನ್ನ ಬಾಯಿಂದಲೇ ನಿಜ ಹೇಳಬೇಕು.

ಹಿಟ್ಟು, ಹಂಚು, ಎಣ್ಣೆಗಾಯಿಯ ಪಾತ್ರೆ, ಕುಡಿಯುವ ನೀರಿನ ಕೊಡ ಎಲ್ಲ ನನ್ನ ಹೆಗಲೇರಿದವು. ಅಂದು ನಾನು ಮಾಡಿದ್ದೇ ನಿಜವಾದ ಚಾರಣ. ಸುತ್ತಲ ಹೊಲದವರೂ ಏನು ಪಂಚಾಯ್ತಿಯೋ ಎಂದು ಬಂದು ಕೂತರು. ಗಿರಿಜಾ ಕಲ್ಲು ಹೂಡಿ ರೊಟ್ಟಿ ಬಡಿಯತೊಡಗಿದಳು. ನಾನು ಎದ್ದು ನಿಂತು, ಜೀವಮಾನದಲ್ಲಿ ಮೊದಲ ಸಲ ಪೀಠಿಕೆಯಿಲ್ಲದೆ ಮಾತಾಡಿದೆ. "ಮನೆಯಲ್ಲಿ ಏನೂ ಆಗಿಲ್ಲ. ಗಿರಿಜಾ ನನಗೆ ಒಂದು ಹೊತ್ತೂ ಊಟ ತಪ್ಪಿಸಿದವಳಲ್ಲ. ಅವತ್ತು ಬುತ್ತಿ ಬೇಡ ಅಂದವನು ನಾನು. ಬೀರಪ್ಪನ ರೊಟ್ಟಿ ಆಸೆಗೆ ಅವಳ ಮೇಲೆ ಗೂಬೆ ಕೂಡಲು ಬಿಟ್ಟವನೂ ನಾನೇ. ತಪ್ಪಾಯಿತು."

ನನ್ನ ಎದೆ ಹಗುರಾಯಿತು. ಅಷ್ಟರಲ್ಲಿ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನೋಡ್ರಿ, ಹೆಂಡ್ತಿ ಹೆಸರು ಕೆಡಬಾರದಂತ ಹೆಂಗ ಎಲ್ಲಾ ತನ್ನ ಮ್ಯಾಲ ಹಾಕ್ಕೊಂತಾರ ನಮ್ಮ ಅಳಿಯ" ಎಂದರು.

"ಅತ್ತೀ, ಇದು ಖರೇನೇ" ಎಂದೆ.

"ಸುಮ್ಕಿರ್ರಿ ಮೇಷ್ಟ್ರ" ಎಂದ ಬೀರಪ್ಪ. "ನಾ ಕಣ್ಣಾರ ಕಂಡೀನಿ. ಕಣ್ಣೀರು ಸುಳ್ಳು ಹೇಳ್ತಾವೇನು?"

"ಅದು ಹೊಗೆಗೆ ಬಂದದ್ದು ಮಾರಾಯ!"

"ಹೊಗಿಗಂತ!" ಎಂದು ಕೊಟ್ರೇಶ ಗದ್ಗದಿತನಾದ. ಹೊಲದವರು ತಲೆದೂಗಿದರು. ಇಂಥ ಗಂಡಸರು ಈಗಿನ ಕಾಲದಲ್ಲಿ ಎಲ್ಲಿ ಸಿಗುತ್ತಾರೆ ಎಂದು ಯಾರೋ ಅಂದರು. ಗಾಳಿ ತಿರುಗಿ ಒಲೆಯ ಹೊಗೆ ಗಿರಿಜಾಳ ಮುಖಕ್ಕೆ ಬಡಿದು ಅವಳ ಕಣ್ಣಲ್ಲೂ ನೀರು ತುಂಬಿತು. ಮಾಳವ್ವ ಅದನ್ನು ಕಂಡು, "ಅಳಬ್ಯಾಡವ್ವ, ಈಗರ ತಿಳೀತಲ್ಲ, ಸಾಕು" ಎಂದು ಸಮಾಧಾನ ಮಾಡಿದಳು. ಅತ್ತೆ ಮಗಳಿಗೆ, "ಇನ್ನರ ಹೊತ್ತೊತ್ತಿಗೆ ಹಾಕು. ಇಂಥಾ ಗಂಡ ಸಿಗಾಕ ಪುಣ್ಯ ಮಾಡಿರಬೇಕು" ಎಂದು ಬುದ್ಧಿ ಹೇಳಿದರು.

ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿ ಗಿರಿಜಾ ನನ್ನ ಕಡೆ ಒಮ್ಮೆ ನೋಡಿದಳು. ಆ ನೋಟ ತಾಳಲಾರದೆ ನಾನು ತಲೆ ತಗ್ಗಿಸಿದೆ. ಅದನ್ನೂ ಅವರು ವಿನಯ ಎಂದುಕೊಂಡರು.