ಸಮ ಮಾಡುವ ಹೆಬ್ಬೆರಳು

ನನ್ನ ತಂಗಿಯ ಯಜಮಾನರಿಗೆ ಕಣ್ಣುಗಳು ಮೂರು! ಮೂರನೆಯದು ಶಿವನಿಗಿರುವಂತೆ ಹಣೆಯಲ್ಲಿಲ್ಲ; ಬಲಗಾಲಿನ ಹೆಬ್ಬೆರಳಿನಲ್ಲಿದೆ. ಈ ಹೋಲಿಕೆಗಾಗಿ ಪರಶಿವನು ನನ್ನನ್ನು ಮನ್ನಿಸಲಿ.

ಭಂಕೂರಿನಲ್ಲಿ ಒಂದು ಆಯುಷ್ಯವನ್ನೇ ಫರಸಿಕಲ್ಲು ಉಜ್ಜಿ ನೆಲಕ್ಕೆ ಹಾಸುವುದರಲ್ಲಿ ಸವೆಸಿದವರು ಅವರು. ಯಾರ ಮನೆಗೆ ಹೋದರೂ ಚಪ್ಪಲಿ ಕಳಚಿ, 'ಶರಣು' ಎನ್ನುವುದಕ್ಕೂ ಮೊದಲು, ಎರಡು ಕಲ್ಲುಗಳ ಸಂದಿಯ ಮೇಲೆ ಹೆಬ್ಬೆರಳನ್ನು ಎಳೆದು ನೋಡುತ್ತಾರೆ. ಸೇಡಂನ ನನ್ನ ಮನೆಗೂ ವಿನಾಯಿತಿ ಇಲ್ಲ.

"ಮಾವಾರ, ಈ ಕಲ್ಲು ಕೂದಲೆಳಿಯಷ್ಟು ಎತ್ತರ ಅದ. ನಿಮಗ ನಿದ್ದಿ ಹ್ಯಾಂಗ ಬರ್ತದರಿ?"

"ನಾ ಮಲಗೋದು ಮಂಚದ ಮ್ಯಾಲ."

ಆ ಉತ್ತರದಿಂದ ಅವರಿಗೆ ಸಮಾಧಾನವಾಗಲಿಲ್ಲ. ಮದುವೆಯ ದಿನವಾದರೂ ಸುಮ್ಮನಿದ್ದರೇ? ತಂದೆಯವರು ಲಿಂಗೈಕ್ಯರಾಗಿದ್ದುದರಿಂದ ಮದುಮಗನ ಪಾದ ತೊಳೆಯುವ ಭಾಗ್ಯ ನನ್ನದಾಗಿತ್ತು. ನಾನು ಭಕ್ತಿಯಿಂದ ನೀರೆರೆಯುತ್ತಿರುವಾಗಲೇ ಆ ಪಾದವು ಪರಾತದ ತಟ್ಟೆಯಿಂದ ಜಾರಿ ಮಂಟಪದ ನೆಲವನ್ನು ಪರೀಕ್ಷಿಸಲು ಹೊರಟಿತ್ತು!

ಕಳೆದ ವರ್ಷ ಅದೇ ಹೆಬ್ಬೆರಳಿಗೆ ಕಲ್ಲಿನ ಅಂಚು ತಗುಲಿತು. ಸಕ್ಕರೆ ಕಾಯಿಲೆಯ ದೇಹ. ನೋವು ತಿಳಿಯಲಿಲ್ಲ, ಗಾಯ ಮಾಯಲೂ ಇಲ್ಲ. ಎರಡು ತಿಂಗಳಾದ ಮೇಲೆ ನಾನೇ ಶಹಾಬಾದಿನ ವೈದ್ಯೆಯೊಬ್ಬರ ಬಳಿಗೆ ಕರೆದೊಯ್ದೆ.

"ಹಿಂಗೇ ಇದ್ರ ಹೆಬ್ಬೆರಳು ತೆಗೀಬೇಕಾಗ್ತದ," ಎಂದರು ಆಕೆ.

ಇವರ ಮುಖ ಸುಣ್ಣದಂತಾಯಿತು. "ಕಿರುಬೆರಳು ತೆಗೀರಿ ತಾಯಿ. ಅದು ಏನೂ ಕೆಲಸ ಮಾಡಂಗಿಲ್ಲ."

ಗಾಯಕ್ಕೆ ಏನು ಮಾಡುತ್ತೀರಿ ಎಂದು ವೈದ್ಯೆ ಕೇಳಿದರು.

"ದಿನಾ ಜಳಕದಾಗ ಕಲ್ಲಿಲೆ ಉಜ್ತೀನ್ರಿ. ಕೆಂಪನ್ನ ಕಾಳು ಕಾಳು ಏಳ್ತಾವ. ಅವನ್ನ ಸಮ ಮಾಡ್ತೀನಿ."

ವೈದ್ಯೆ ಲೇಖನಿ ಕೆಳಗಿಟ್ಟರು. "ಯಜಮಾನ್ರೇ, ಆ ಕೆಂಪು ಕಾಳೇ ಹೊಸ ರಕ್ತನಾಳ. ಅದರ ಜೀವಕೋಶಗಳು ಬರೀ ರಕ್ತಕ್ಕ ದಾರಿ ಮಾಡಂಗಿಲ್ಲ. ಸುತ್ತಲಿನ ಚರ್ಮಕ್ಕ 'ಬಾ, ಬೆಳಿ' ಅಂತ ಸಂದೇಶನೂ ಕಳಸ್ತಾವ. ಹಂಗ 'ಬಾ' ಅಂತ ಕರಿಯೋರನ್ನೇ ನೀವು ಉಜ್ಜಿ ಹಾಕಿದ್ರ ಚರ್ಮ ಹ್ಯಾಂಗ ಬರ್ಬೇಕು?"

ಇವರು ಬಗ್ಗಿ ತಮ್ಮ ಹೆಬ್ಬೆರಳನ್ನು ನೋಡಿದರು. "ಅಂದ್ರ ಅವು ಒಳಗ ಕುಂತು ಚರ್ಮ ಹಾಸೋ ಗೌಂಡಿಗಳು. ನಾ ದಿನಾ ಗೌಂಡಿಗಳನ್ನೇ ಹೊಡೆದು ಓಡಸ್ಲಿಕತ್ತಿದ್ದೆ!"

ಅರಿವಾಯಿತು, ನಿಜ; ಆದರೆ ಕೈಯನ್ನು ನಂಬುವುದು ಹೇಗೆ? ಅವರನ್ನು ನನ್ನ ಮನೆಯಲ್ಲೇ ಇರಿಸಿಕೊಂಡು, ಉಜ್ಜುವ ಕಲ್ಲನ್ನು ದೇವರ ಕೋಣೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಪ್ರತಿದಿನ ಲಿಂಗಪೂಜೆ ಮುಗಿದೊಡನೆ, ವೈದ್ಯೆ ಹೇಳಿದಂತೆ, ಕಾಯಿಸಿ ಆರಿಸಿದ ನೀರಿನಿಂದ ಆ ಗಾಯವನ್ನು ಮೆಲ್ಲಗೆ ತೊಳೆದು ಪಟ್ಟಿ ಕಟ್ಟತೊಡಗಿದೆ.

"ಹಿರಿಯರು ನೀವು. ನನ್ನ ಕಾಲು ಮುಟ್ಟಬ್ಯಾಡ್ರಿ ಮಾವಾರ."

"ಮದುವ್ಯಾಗ ಕಾಲು ಎಳ್ಕೊಂಡ್ರಿ. ಆ ಕೆಲಸ ಅರ್ಧಕ್ಕ ಉಳಿದದ. ಸುಮ್ಮ ಕುಂದ್ರಿ."

ವಾರಗಳು ಕಳೆದವು. ಒಂದು ಬೆಳಿಗ್ಗೆ ಪಟ್ಟಿ ಬಿಚ್ಚಿದರೆ ಗಾಯ ಮುಚ್ಚಿತ್ತು. ಹೊಸ ಚರ್ಮ ಸಣ್ಣ ದಿಣ್ಣೆಯಂತೆ ಉಬ್ಬಿತ್ತು. ಅವರು ಅದರ ಮೇಲೆ ಬೆರಳಾಡಿಸಿದರು.

"ಎತ್ತರ ಅದ. ಜ್ವಾಳದ ಕಾಳಿನಷ್ಟು."

"ಕಪಾಟಿನ ಕೀಲಿ ಕೊಡ್ಲೇನು?"

ಅವರು ದಿಣ್ಣೆಯ ಮೇಲಿಂದ ಬೆರಳು ತೆಗೆದರು. ಕಣ್ಣು ತುಂಬಿತ್ತು.

"ಇರ್ಲಿ ಬಿಡ್ರಿ ಮಾವಾರ. ಪಾಪ, ಒಳಗಿನ ಗೌಂಡಿಗಳು ಭಾಳ ಕಷ್ಟಪಟ್ಟು ಹಾಸ್ಯಾರ."

ತೊಳೆಯುವ ಅಗತ್ಯ ಮುಗಿದಿತ್ತು. ಆದರೂ ಆ ಪಾದದ ಮೇಲೆ ಇನ್ನೊಂದು ತಂಬಿಗೆ ನೀರೆರೆದೆ. ಈ ಸಲ ಅವರು ಕಾಲು ಎಳೆದುಕೊಳ್ಳಲಿಲ್ಲ.